ಒಂದೇ ಸ್ವರದ ಜೊತೆ ನಿಂತ ಗಿಟಾರು

ಇಂಜಿನಿಯರಿಂಗ್ ಓದುವಾಗ ಹಾಸ್ಟೆಲ್‌ನಲ್ಲಿ ನನ್ನ ಹತ್ತಿರ ಒಂದು ಹಳೇ ಲ್ಯಾಪ್‌ಟಾಪ್ ಇತ್ತು. ಅಣ್ಣ ಬಳಸಿ ಬಿಟ್ಟಿದ್ದು. ಅದರಲ್ಲಿ ಇದ್ದದ್ದು ವಿಂಡೋಸ್ 7. ಬೆಳಿಗ್ಗೆ ಆನ್ ಮಾಡಿದರೆ ಪರದೆ ಮೇಲೆ ಬೆಳಕು ಮೂಡುತ್ತಾ ನಾಲ್ಕು ಸೆಕೆಂಡಿನ ಒಂದು ಸಣ್ಣ ನಾದ ಕೇಳಿಸುತ್ತಿತ್ತು. ನಿಮ್ಮಲ್ಲೂ ಬಹಳ ಜನಕ್ಕೆ ಅದು ಗೊತ್ತಿರಬೇಕು. ಗಂಟೆಯೂ ಅಲ್ಲ, ಪಿಯಾನೋವೂ ಅಲ್ಲ, ದೂರದಲ್ಲಿ ಯಾರೋ ಬಾಗಿಲು ತೆರೆದ ಹಾಗೆ ಇರುತ್ತಿತ್ತು. ಮಂಗಳೂರಿನ ರೂಮ್‌ಮೇಟ್ ಹೊದಿಕೆಯೊಳಗಿಂದಲೇ "ಮ್ಯೂಟ್ ಮಾಡು ಮಾರಾಯ್ತಿ" ಅಂತ ಬೈಯುತ್ತಿದ್ದಳು. ನಾನು ಮ್ಯೂಟ್ ಮಾಡಲಿಲ್ಲ. ಯಾಕೆ ಅಂತ ಆಗ ಕೇಳಿದ್ದರೆ ಹೇಳೋಕೆ ಬರ್ತಿರಲಿಲ್ಲ. ಆ ಶಬ್ದ ನನಗೆ ಇಷ್ಟವಾಗಿತ್ತು, ಅಷ್ಟೇ.

ಅದು ವಿಂಡೋಸ್ ವಿಸ್ತಾಕ್ಕಾಗಿ ಮಾಡಿದ ಶಬ್ದ. 2007ರಲ್ಲಿ ವಿಸ್ತಾ ಜೊತೆ ಬಂದದ್ದು 7ರಲ್ಲೂ ಉಳಿಯಿತು. ಅದರ ಹಿಂದೆ ಇದ್ದವರು ಇಂಗ್ಲೆಂಡಿನ ಗಿಟಾರ್ ವಾದಕ ರಾಬರ್ಟ್ ಫ್ರಿಪ್. ಮೈಕ್ರೋಸಾಫ್ಟ್‌ನಲ್ಲಿ ಆ ಕೆಲಸ ನೋಡಿಕೊಳ್ಳುತ್ತಿದ್ದ ಸ್ಟೀವ್ ಬಾಲ್, ಫ್ರಿಪ್ ಅವರ ತರಗತಿಗಳಲ್ಲಿ ಗಿಟಾರ್ ಕಲಿತವರು. ಫ್ರಿಪ್ ಸ್ಟುಡಿಯೋಗೆ ಬಂದು ಕೂತು ಗಂಟೆಗಟ್ಟಲೆ ನುಡಿಸಿದರು. ಆಮೇಲೆ ಸ್ಟೀವ್ ಬಾಲ್, ಟಕರ್ ಮಾರ್ಟೀನ್ ಮುಂತಾದವರ ಕೈ ಸೇರಿ, ಸೋಸಿ ಸೋಸಿ ನಾಲ್ಕು ಸೆಕೆಂಡು ಉಳಿಯಿತು. ಇದೆಲ್ಲ ನನಗೆ ತಿಳಿದದ್ದು ಹಾಸ್ಟೆಲ್ ಬಿಟ್ಟು ಎಷ್ಟೋ ವರ್ಷವಾದ ಮೇಲೆ, ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು ಮನೆಯಲ್ಲಿ ಕೂತಿದ್ದಾಗ. ಆ ಕಥೆ ಹೇಳುತ್ತೇನೆ. ಮೊದಲು ಇವರು ಯಾರು ಅಂತ ಹೇಳಿಬಿಡುತ್ತೇನೆ.

ಸ್ಟೂಲಿನ ಮೇಲೆ ಕೂತ ರಾಕ್ ಗಿಟಾರಿಸ್ಟ್

ರಾಬರ್ಟ್ ಫ್ರಿಪ್ ಹುಟ್ಟಿದ್ದು 1946ರಲ್ಲಿ, ಇಂಗ್ಲೆಂಡಿನ ಡಾರ್ಸೆಟ್ ಪ್ರಾಂತ್ಯದ ವಿಂಬೋರ್ನ್ ಎಂಬ ಸಣ್ಣ ಊರಿನಲ್ಲಿ. ಹುಟ್ಟಾ ಪ್ರತಿಭೆ ಅನ್ನೋ ಮಾತನ್ನು ಅವರ ವಿಷಯದಲ್ಲಿ ಹೇಳುವಂತಿಲ್ಲ. ಹುಡುಗನಾಗಿದ್ದಾಗ ತನಗೆ ಸ್ವರಜ್ಞಾನವೂ ಇರಲಿಲ್ಲ, ಲಯಜ್ಞಾನವೂ ಇರಲಿಲ್ಲ ಎಂದು ಅವರೇ ಹೇಳಿಕೊಂಡಿದ್ದಾರೆ. ಸಾಲದ್ದಕ್ಕೆ ಎಡಗೈಯವರು, ನುಡಿಸಿದ್ದು ಬಲಗೈಯವರ ಗಿಟಾರು.

1969ರ ಆರಂಭದಲ್ಲಿ ಅವರ 'ಕಿಂಗ್ ಕ್ರಿಮ್ಸನ್' ತಂಡ ಅಭ್ಯಾಸ ಶುರು ಮಾಡಿತು. ಅದೇ ಜುಲೈನಲ್ಲಿ ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಉಚಿತ ಕಾರ್ಯಕ್ರಮಕ್ಕೆ ಮೊದಲು, ಲಕ್ಷಾಂತರ ಜನರ ಎದುರು ನುಡಿಸಿತು. ಅಕ್ಟೋಬರ್‌ನಲ್ಲಿ ಮೊದಲ ಆಲ್ಬಮ್ 'ಇನ್ ದ ಕೋರ್ಟ್ ಆಫ್ ದ ಕ್ರಿಮ್ಸನ್ ಕಿಂಗ್' ಬಂತು. ಅದರ ಮುಖಪುಟ ಒಮ್ಮೆ ನೋಡಿದವರು ಮರೆಯಲ್ಲ. ಕೆಂಪು ಮುಖ, ಅಗಲಿಸಿದ ಬಾಯಿ, ಮೂಗಿನ ಹೊಳ್ಳೆಯವರೆಗೂ ಕಿರುಚಾಟ. ಅದನ್ನು ಬರೆದ ಬ್ಯಾರಿ ಗಾಡ್ಬರ್ ಕಂಪ್ಯೂಟರ್ ಪ್ರೋಗ್ರಾಮರ್. 1969ರ ಪ್ರೋಗ್ರಾಮರ್! ಮರುವರ್ಷವೇ ಹೃದಯಾಘಾತದಿಂದ ತೀರಿಕೊಂಡರು, 24ನೇ ವಯಸ್ಸಿನಲ್ಲಿ. ಅವರು ಬರೆದ ಆಲ್ಬಮ್ ಮುಖಪುಟ ಅದೊಂದೇ. ಕೋಡ್ ಬರೆದು ಹೊಟ್ಟೆ ಹೊರೆಯುವ ನನಗೆ ಆ ಮುಖ ಈಗ ಬೇರೆ ಥರ ಕಾಣುತ್ತೆ.

ಕ್ರಿಮ್ಸನ್ ಎಷ್ಟೋ ಸಲ ಮುರಿಯಿತು, ಎಷ್ಟೋ ಸಲ ಹೊಸ ಜನರ ಜೊತೆ ಮತ್ತೆ ಕಟ್ಟಿಕೊಂಡಿತು. ಕಟ್ಟಿದ ಪ್ರತಿ ಸಲವೂ ಇದ್ದ ಒಬ್ಬರೇ ಒಬ್ಬರು ಫ್ರಿಪ್. ಆದರೂ ಅವರು ವೇದಿಕೆಯ ಮುಂದೆ ಬಂದು ಕುಣಿದವರಲ್ಲ. ಸ್ಟೂಲ್ ಹಾಕಿಕೊಂಡು, ಕಚೇರಿಗೆ ಕೂತ ವಿದ್ವಾಂಸರ ಹಾಗೆ ಬೆನ್ನು ನೆಟ್ಟಗೆ ಮಾಡಿ, ತಂತಿ ಕಡೆ ಗಮನ ಇಟ್ಟು ನುಡಿಸುತ್ತಾರೆ. ರಾಕ್ ಅಂದರೆ ಕೂದಲು ಕೆದರಿ ಹಾರುವುದು ಅಂದುಕೊಂಡಿದ್ದ ನನಗೆ ಮೊದಲು ವಿಡಿಯೋ ನೋಡಿದಾಗ ನಗು ಬಂತು. ಬ್ಯಾಂಕ್ ಮ್ಯಾನೇಜರ್ ಗಿಟಾರ್ ಹಿಡಿದು ಕೂತ ಹಾಗಿದ್ದರು!

ನನ್ನ ಕೈ ನಿಂತದ್ದು

ಈಗ ನನ್ನ ಕಥೆ. ಎರಡನೇ ವರ್ಷ ಓದುವಾಗ ಸ್ಕಾಲರ್‌ಶಿಪ್ ದುಡ್ಡಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಗಿಟಾರ್ ತಗೊಂಡೆ. ನನಗೆ ಬೇಕಾಗಿದ್ದದ್ದು ಒಂದೇ: ಸ್ಪೀಡು. ಸೆಕೆಂಡಿಗೆ ಎಷ್ಟು ಸ್ವರ ನುಡಿಸಬಹುದು ಅನ್ನೋದೇ ನನ್ನ ಅಳತೆ. ಬೆಂಗಳೂರಿಗೆ ಬಂದು ಕೆಲಸಕ್ಕೆ ಸೇರಿದ ಮೇಲೂ ಅದೇ. ಹಗಲು ಹತ್ತು ಗಂಟೆ ಕೀಬೋರ್ಡ್, ರಾತ್ರಿ ಒಂದೂವರೆ ಗಂಟೆ ಗಿಟಾರು. ಎರಡೂ ಕಡೆ ಅದೇ ಬೆರಳು, ಅದೇ ಮಣಿಕಟ್ಟು.

ಕಳೆದ ವರ್ಷ ಒಂದು ಬೆಳಿಗ್ಗೆ ಕಾಫಿ ಲೋಟ ಎತ್ತಲು ಹೋದೆ, ಎಡಗೈಯಲ್ಲಿ ಶಕ್ತಿಯೇ ಇಲ್ಲ. ಜುಮ್ಮೆನ್ನುವುದು ಕೆಲವು ತಿಂಗಳಿಂದ ಇತ್ತು, ನಾನು ಲೆಕ್ಕಕ್ಕೆ ತಗೊಂಡಿರಲಿಲ್ಲ. ಡಾಕ್ಟರು ಪಟ್ಟಿ ಕಟ್ಟಿ, ಫಿಸಿಯೋಥೆರಪಿಗೆ ಕಳಿಸಿದರು. ಕೀಬೋರ್ಡ್‌ಗೆ ಲೆಕ್ಕದ ಸಮಯ, ಗಿಟಾರ್ ಪೂರ್ತಿ ಬಂದ್. "ಎಷ್ಟು ದಿನ?" ಅಂದೆ. "ಕೈಯನ್ನೇ ಕೇಳಬೇಕು" ಅಂದರು ಫಿಸಿಯೋ ಮೇಡಂ. ತಮಾಷೆಗೆ ಹೇಳಿದ್ದು, ನನಗೆ ನಿದ್ದೆ ಹೋಯ್ತು. ಕೈ ಸರಿಹೋಗದಿದ್ದರೆ ಹಾಳಾಗೋದು ಹವ್ಯಾಸ ಮಾತ್ರ ಅಲ್ಲ, ಅನ್ನ. ಮನೆ ಬಾಡಿಗೆ, ಅಣ್ಣನ ಜೊತೆ ಸೇರಿ ಕಟ್ಟುವ ಸಾಲದ ಕಂತು, ಎಲ್ಲ ಈ ಹತ್ತು ಬೆರಳಿನ ಮೇಲೇ ನಿಂತಿದೆ ಅಂತ ಅವತ್ತು ರಾತ್ರಿ ಮೊದಲ ಸಲ ಗೊತ್ತಾಯ್ತು.

ತೆಂಗಿನಕಾಯಿ ತುರಿಯೋಕಾಗಲ್ಲ, ಬಟ್ಟೆ ಹಿಂಡೋಕಾಗಲ್ಲ ಅಂತ ಗೊತ್ತಾದ ಕೂಡಲೇ ಅಮ್ಮ ಹಾಸನದಿಂದ ಬಸ್ಸು ಹತ್ತಿ ಬಂದರು. ನಾನು ನುಡಿಸುವ ಹಾಗಿಲ್ಲ, ಕೇಳಬಹುದು. ಹಾಗೆ ಕೇಳುತ್ತಾ ಹೋದಾಗಲೇ ಫ್ರಿಪ್ ಸಿಕ್ಕಿದ್ದು.

ನೆಲದ ಮೇಲೆ ಗುರುತು ಹಾಕಿ ನುಡಿಸಿದ ಹಾಡು

ಮೊದಲು ಸಿಕ್ಕಿದ್ದು ಅವರ ಸ್ವಂತ ತಂಡದ ಹಾಡಲ್ಲ. ಡೇವಿಡ್ ಬೋವಿಯ 'ಹೀರೋಸ್', 1977. ಪಾಶ್ಚಾತ್ಯ ಸಂಗೀತ ಕೇಳದವರೂ ಯಾವುದಾದರೂ ಸಿನಿಮಾದಲ್ಲೋ ಜಾಹೀರಾತಿನಲ್ಲೋ ಇದನ್ನು ಕೇಳಿರುತ್ತಾರೆ. ಹಾಡಿನ ಉದ್ದಕ್ಕೂ ಒಂದು ದನಿ ಎಳೆಎಳೆಯಾಗಿ ಕೂಗುತ್ತಾ ಇರುತ್ತೆ. ನಾನು ಎಷ್ಟೋ ವರ್ಷ ಅದನ್ನು ಸಿಂಥಸೈಸರ್ ಅಂದುಕೊಂಡಿದ್ದೆ. ಅದು ಗಿಟಾರು.

ಗಿಟಾರಿನ ತಂತಿ ಮೀಟಿದರೆ 'ಟಣ್' ಅಂದು ಸ್ವಲ್ಪ ಹೊತ್ತಿಗೆ ಸತ್ತುಹೋಗುತ್ತೆ. ಪಿಟೀಲಿನ ಹಾಗೆ ಕಮಾನು ಎಳೆದು ಸ್ವರವನ್ನು ಜೀವಂತ ಇಡಲಾಗದು. ಹಾಗಾದರೆ ಈ ಸ್ವರ ಹೇಗೆ ನಿಂತಿತು? ನಮ್ಮೂರ ಗಣಪತಿ ಪೆಂಡಾಲಿನಲ್ಲಿ ಯಾರಾದರೂ ಮೈಕ್ ಹಿಡಿದು ಸ್ಪೀಕರ್ ಎದುರಿಗೆ ಬಂದರೆ 'ಕೂಂಯ್' ಅಂತ ಕಿವಿ ಕೊರೆಯುತ್ತಲ್ಲ, ಅದೇ ಫೀಡ್‌ಬ್ಯಾಕ್. ಸ್ಪೀಕರಿನಿಂದ ಹೊರಟ ಶಬ್ದ ಮತ್ತೆ ಮೈಕಿಗೆ ನುಗ್ಗುತ್ತೆ, ಅದು ಮತ್ತೆ ಸ್ಪೀಕರಿಗೆ, ಹೀಗೆ ಸುತ್ತುತ್ತಲೇ ಇರುತ್ತೆ. ಎಲೆಕ್ಟ್ರಿಕ್ ಗಿಟಾರಿನಲ್ಲೂ ಹೀಗೇ. ಆಂಪ್ಲಿಫೈಯರನ್ನು ಜೋರಾಗಿ ಇಟ್ಟರೆ ಅದರ ಶಬ್ದವೇ ತಂತಿಯನ್ನು ನಡುಗಿಸುತ್ತೆ, ಸ್ವರ ನಿಲ್ಲುವುದಿಲ್ಲ. ಆದರೆ ಎಲ್ಲ ಸ್ವರವೂ ಎಲ್ಲ ಜಾಗದಲ್ಲೂ ಹಾಗೆ ಹಾಡುವುದಿಲ್ಲ. ಒಂದು ಸ್ವರಕ್ಕೆ ಸ್ಪೀಕರಿನಿಂದ ಇಷ್ಟು ದೂರ, ಇನ್ನೊಂದಕ್ಕೆ ಒಂದು ಹೆಜ್ಜೆ ಹಿಂದೆ.

ಬರ್ಲಿನ್ನಿನ ಹಾನ್ಸಾ ಸ್ಟುಡಿಯೋದಲ್ಲಿ, ಆಗಿನ್ನೂ ನಿಂತಿದ್ದ ಬರ್ಲಿನ್ ಗೋಡೆಯ ಹತ್ತಿರದಲ್ಲೇ, ಫ್ರಿಪ್ ಮಾಡಿದ್ದು ಇದನ್ನೇ. ನಿರ್ಮಾಪಕ ಟೋನಿ ವಿಸ್ಕಾಂಟಿ ಆಮೇಲೆ ಹೇಳಿದ ಪ್ರಕಾರ, ಯಾವ ಸ್ವರಕ್ಕೆ ಎಲ್ಲಿ ನಿಲ್ಲಬೇಕು ಅಂತ ಹುಡುಕಿ ನೆಲಕ್ಕೆ ಟೇಪ್ ಅಂಟಿಸಿ ಗುರುತು ಮಾಡಿಕೊಂಡಿದ್ದರಂತೆ. ಮೂರು ಸಲ ನುಡಿಸಿದ್ದನ್ನು ಒಂದರ ಮೇಲೊಂದು ಸೇರಿಸಿದರು. ಗೆಳೆಯ ಬ್ರಯನ್ ಈನೋ ಅದನ್ನು ತಮ್ಮ ಸಿಂಥಸೈಸರ್ ಮೂಲಕ ಹಾಯಿಸಿ ಬಣ್ಣ ಕಟ್ಟಿದರು. ಸದಾ ಕೂತು ನುಡಿಸುವ ಮನುಷ್ಯ ಅವತ್ತು ಒಂದೊಂದು ಸ್ವರಕ್ಕೆ ಒಂದೊಂದು ಹೆಜ್ಜೆ ಇಟ್ಟಿದ್ದಾರೆ.

ಹೆಡ್‌ಫೋನ್ ಹಾಕಿಕೊಂಡು ಆ ಗಿಟಾರನ್ನಷ್ಟೇ ಹಿಂಬಾಲಿಸಿ ಕೇಳಿ ನೋಡಿ. ಅದರಲ್ಲಿ ಸ್ಪೀಡು ಇಲ್ಲ. ಇರುವುದು ಬೆರಳೆಣಿಕೆಯ ಸ್ವರಗಳು. ಪ್ರತಿಯೊಂದೂ ಹುಟ್ಟಿ, ಊದಿಕೊಂಡು, ಸ್ವಲ್ಪ ಅಲುಗಿ, ಮುಂದಿನದಕ್ಕೆ ಜಾರುತ್ತೆ. ನಾನು ಹತ್ತು ವರ್ಷ ಸ್ವರಗಳನ್ನು ಹೊಡೆದು ಮುಂದಕ್ಕೆ ಓಡಿದ್ದೆ. ಹೊಡೆದ ಮೇಲೆ ಸ್ವರಕ್ಕೆ ಏನಾಗುತ್ತೆ ಅಂತ ಒಂದು ದಿನವೂ ಕೇಳಿಸಿಕೊಂಡಿರಲಿಲ್ಲ.

"ಯಾರೇ ತಂಬೂರಿ ಮೀಟ್ತಿರೋದು?"

ಎರಡನೇ ವಾರ ಇನ್ನೊಂದು ಆಲ್ಬಮ್ ಹಾಕಿದೆ. ಫ್ರಿಪ್ ಮತ್ತು ಈನೋ ಸೇರಿ ಮಾಡಿದ 'ನೋ ಪುಸ್ಸಿಫುಟಿಂಗ್', 1973ರದ್ದು. ಅದರ ಮೊದಲ ಬದಿಯಲ್ಲಿ ಇರುವುದು ಒಂದೇ ಕೃತಿ, 'ದ ಹೆವನ್ಲಿ ಮ್ಯೂಸಿಕ್ ಕಾರ್ಪೊರೇಷನ್', ಸುಮಾರು 21 ನಿಮಿಷ. ಹಾಡುಗಾರರಿಲ್ಲ, ಡ್ರಮ್ ಇಲ್ಲ. ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದ ಅಮ್ಮ ಚಾಕು ಹಿಡಿದುಕೊಂಡೇ ಬಾಗಿಲಿಗೆ ಬಂದರು.

"ಯಾರೇ ತಂಬೂರಿ ಮೀಟ್ತಿರೋದು?"

"ತಂಬೂರಿ ಅಲ್ಲಮ್ಮ, ಗಿಟಾರು."

"ಸುಮ್ನಿರು, ಗಿಟಾರ್ ಎಲ್ಲಾದ್ರೂ ಹೀಗಿರುತ್ತಾ?"

ಅಮ್ಮ ಮದುವೆಗೆ ಮೊದಲು ಸಂಗೀತ ಕಲಿತವರು. ಜೂನಿಯರ್ ಪರೀಕ್ಷೆ ಪಾಸಾಗಿತ್ತು. ಸೀನಿಯರ್‌ಗೆ ಕೂರುವ ಮೊದಲು ಮದುವೆಯಾಯ್ತು, ಅಲ್ಲಿಗೆ ನಿಂತಿತು. ನನ್ನ ಗಿಟಾರಿಗೆ ಹತ್ತು ವರ್ಷದಿಂದ ಅವರು ಇಟ್ಟ ಹೆಸರು "ನಿನ್ನ ಮಿಕ್ಸಿ". ಅಂಥವರು ಬಾಗಿಲಲ್ಲೇ ನಿಂತು ಐದು ನಿಮಿಷ ಕೇಳಿದರು.

ಅದನ್ನು ಮಾಡಿದ ಬಗೆ ಅಮ್ಮನಿಗೆ ಹೀಗೆ ವಿವರಿಸಿದೆ. 1972ರ ಸೆಪ್ಟೆಂಬರ್, ಲಂಡನ್ನಿನಲ್ಲಿ ಈನೋ ಮನೆ. ಎರಡು ರೆವಾಕ್ಸ್ ಟೇಪ್ ರೆಕಾರ್ಡರ್ ಪಕ್ಕಪಕ್ಕ ಇಟ್ಟಿದ್ದಾರೆ. ಟೇಪು ಮೊದಲನೆಯದರಿಂದ ಹೊರಟು, ನಡುವಿನ ಜಾಗ ದಾಟಿ, ಎರಡನೆಯದಕ್ಕೆ ಹೋಗುತ್ತೆ. ಮೊದಲನೆಯದು ಬರೆದುಕೊಳ್ಳುತ್ತೆ, ಎರಡನೆಯದು ಕೆಲವು ಸೆಕೆಂಡು ತಡವಾಗಿ ಓದಿ ಹೇಳುತ್ತೆ. ಆ ಓದಿದ್ದನ್ನು ಮತ್ತೆ ಮೊದಲನೆಯದಕ್ಕೇ ಕೊಟ್ಟರೆ? ನೀವು ಈಗ ನುಡಿಸುವ ಸ್ವರದ ಕೆಳಗೆ, ಸ್ವಲ್ಪ ಹೊತ್ತಿಗೆ ಮುಂಚೆ ನುಡಿಸಿದ್ದು ಕೂತಿರುತ್ತೆ. ಅದರ ಕೆಳಗೆ ಅದಕ್ಕೂ ಮುಂಚಿನದು, ಸ್ವಲ್ಪ ಮಸುಕಾಗಿ. ಪದರದ ಮೇಲೆ ಪದರ. ಒಬ್ಬರೇ ಕೂತು ನುಡಿಸಿದರೂ ಒಂದು ಗುಂಪೇ ನುಡಿಸಿದ ಹಾಗೆ. ಸ್ವರದ ಮೊದಲಿನ 'ಟಣ್' ಕೂಡ ಕೇಳದ ಹಾಗೆ ಪೆಡಲ್ಲಿನಿಂದ ಶಬ್ದವನ್ನು ಮೆಲ್ಲಗೆ ಮೇಲಕ್ಕೆ ತರುವ ಅಭ್ಯಾಸವೂ ಅವರಿಗಿದೆ. ಆಗ ಅದು ಮೀಟುವ ವಾದ್ಯ ಅಂತಲೇ ಅನಿಸಲ್ಲ.

ಈ ಉಪಾಯ ಅವರಿಬ್ಬರೇ ಮೊದಲು ಕಂಡುಹಿಡಿದದ್ದೇನಲ್ಲ. ಅಮೆರಿಕದ ಸಂಗೀತಗಾರ ಟೆರಿ ರೈಲಿ 1960ರ ದಶಕದಲ್ಲೇ ಎರಡು ಟೇಪ್ ರೆಕಾರ್ಡರ್ ಸೇರಿಸಿ ಹೀಗೆ ಪ್ರಯೋಗ ಮಾಡಿದ್ದರು. ಇದೇ ರೈಲಿ 1970ರಿಂದಾಚೆ ಕಿರಾನಾ ಘರಾಣೆಯ ಪಂಡಿತ್ ಪ್ರಾಣನಾಥರ ಶಿಷ್ಯರಾದರು. ಕಿರಾನಾ ಅಂದರೆ ನಮಗೆ ದೂರದ್ದಲ್ಲ, ಸವಾಯಿ ಗಂಧರ್ವ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರ ಮನೆತನ. ಟೇಪಿನ ಉಪಾಯ ಮೊದಲು, ಗುರು ಸಿಕ್ಕಿದ್ದು ಆಮೇಲೆ. ಹಾಗಾಗಿ ಒಂದರಿಂದ ಇನ್ನೊಂದು ಬಂತು ಅಂತ ನಾನು ಹೇಳಲ್ಲ. ಆದರೆ ಒಂದೇ ನಾದದೊಳಗೆ ಕೂತು ಕೇಳುವ ಹಂಬಲ ಇದ್ದವರು ಕೊನೆಗೆ ತಂಬೂರಿಯ ಹತ್ತಿರ ಬಂದು ಕೂತದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಅಮ್ಮನ ಕಿವಿ ಸುಳ್ಳು ಹೇಳಿರಲಿಲ್ಲ.

ಇದೇ ಪದ್ಧತಿಗೆ ಮುಂದೆ 'ಫ್ರಿಪ್ಪರ್‌ಟ್ರಾನಿಕ್ಸ್' ಅಂತ ಹೆಸರು ಬಂತು. 1979ರಲ್ಲಿ ಫ್ರಿಪ್ ದೊಡ್ಡ ಸಭಾಂಗಣ ಬಿಟ್ಟು, ಎರಡು ಟೇಪ್ ರೆಕಾರ್ಡರ್ ಹೊತ್ತುಕೊಂಡು ರೆಕಾರ್ಡ್ ಅಂಗಡಿ, ಹೋಟೆಲು ಅಂತ ಸಣ್ಣಸಣ್ಣ ಜಾಗಗಳಲ್ಲಿ ಒಬ್ಬರೇ ನುಡಿಸಿಕೊಂಡು ಸುತ್ತಿದರು. ನಾನು ಆಮೇಲೆ ಒಂದು ಲೂಪ್ ಪೆಡಲ್ ತಂದು ಮಾಡಿ ನೋಡಿದೆ. ಒಂದು ವಿಷಯ ತಕ್ಷಣ ಗೊತ್ತಾಯ್ತು. ತಪ್ಪು ಸ್ವರ ನುಡಿಸಿದರೆ ಅದೂ ತಿರುಗಿ ಬರುತ್ತೆ! ನಮ್ಮ ಕೆಲಸದಲ್ಲಿ ಇರುವ ಹಾಗೆ ಅಲ್ಲಿ 'ಅನ್‌ಡೂ' ಇಲ್ಲ. ಮಾಡಬಹುದಾದದ್ದು ಒಂದೇ: ಅದು ಮತ್ತೆ ಬರುವಷ್ಟರಲ್ಲಿ, ಅದರ ಪಕ್ಕ ಇನ್ನೊಂದು ಸ್ವರ ಇಟ್ಟು, ಅದು ತಪ್ಪು ಅನಿಸದ ಹಾಗೆ ಮಾಡೋದು. ಅದಕ್ಕೆ ಮೊದಲು ಕೇಳಿಸಿಕೊಳ್ಳಬೇಕು.

ಹಾಗಂತ ಸ್ಪೀಡು ಇಲ್ಲವೇ?

ಇದನ್ನೆಲ್ಲ ಓದಿ ಫ್ರಿಪ್ ಬರೀ ನಿಧಾನದ ಮನುಷ್ಯ ಅಂದುಕೊಳ್ಳಬೇಡಿ. 1974ರ 'ಸ್ಟಾರ್‌ಲೆಸ್ ಅಂಡ್ ಬೈಬಲ್ ಬ್ಲ್ಯಾಕ್' ಆಲ್ಬಮ್ಮಿನ ಕೊನೆಯಲ್ಲಿ 'ಫ್ರ್ಯಾಕ್ಚರ್' ಅಂತ ಒಂದು ಕೃತಿ ಇದೆ. ಹೆಸರೇ ಮೂಳೆ ಮುರಿತ! ಮೂಲ ನುಡಿಸಾಣಿಕೆ 1973ರ ನವೆಂಬರ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಕಾನ್ಸರ್ಟ್‌ಖೆಬೌ ಸಭಾಂಗಣದಲ್ಲಿ ನಡೆದದ್ದು. ಸಭಿಕರ ಸದ್ದು ತೆಗೆದು ಆಲ್ಬಮ್ಮಿಗೆ ಸೇರಿಸಿದರು. ನಡುವೆ ಕೆಲವು ನಿಮಿಷ ಗಿಟಾರು ಉಸಿರು ತೆಗೆದುಕೊಳ್ಳದೆ ಓಡುತ್ತೆ. ಒಂದು ತಂತಿಯಿಂದ ಇನ್ನೊಂದಕ್ಕೆ ಜಿಗಿಯುತ್ತಾ, ಪ್ರತಿ ಸ್ವರವನ್ನೂ ಬೇರೆಬೇರೆಯಾಗಿ ಮೀಟುತ್ತಾ, ಅಷ್ಟು ಹೊತ್ತೂ ಒಂದೇ ಸಮ. ನುಚ್ಚು ಸುರಿದ ಹಾಗಲ್ಲ, ಪೋಣಿಸಿದ ಮುತ್ತಿನ ಹಾಗೆ.

ಅದು ನಿಂತಿರುವ ಸ್ವರಗಳ ಮೆಟ್ಟಿಲೂ ವಿಚಿತ್ರ. ಎಲ್ಲ ಮೆಟ್ಟಿಲುಗಳ ನಡುವೆಯೂ ಒಂದೇ ಅಂತರ. ಕರ್ನಾಟಕ ಸಂಗೀತ ಬಲ್ಲವರಿಗೆ ಗೋಪ್ರಿಯ ರಾಗದ ಸ್ವರಗಳು ಅಂದರೆ ತಿಳಿಯುತ್ತೆ, ಪಂಚಮ ಇಲ್ಲದ್ದು. ಯಾವ ಮೆಟ್ಟಿಲ ಮೇಲೆ ನಿಂತರೂ ಒಂದೇ ಥರ ಕಾಣುವುದರಿಂದ ಮನೆ ಯಾವುದು ಅಂತಲೇ ಗೊತ್ತಾಗಲ್ಲ. ಆ ತಬ್ಬಿಬ್ಬಿನಲ್ಲೇ ಕೃತಿಯ ಭಯ ಇದೆ.

ಆಂಟನಿ ಗರೋನ್ ಅನ್ನುವ ಅಮೆರಿಕದ ಗಿಟಾರ್ ವಾದಕರು ಇದೊಂದನ್ನು ಕಲಿಯಲು 22 ವರ್ಷ ಹೆಣಗಿ, ಆ ಹೆಣಗಾಟದ ಮೇಲೆ 2021ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಹೆಸರಿನಲ್ಲೇ 'ಫೇಲ್ಯೂರ್' ಇದೆ. ಪಟ್ಟಿ ಕಟ್ಟಿದ ಕೈಗೆ ಅದರಿಂದ ಸಿಕ್ಕ ಸಮಾಧಾನ ಇಷ್ಟಿಷ್ಟಲ್ಲ.

1981ರಲ್ಲಿ ಫ್ರಿಪ್ ಮತ್ತೆ ಹೊಸ ತಂಡ ಕಟ್ಟಿದರು. ಗಿಟಾರಿಗೆ ಏಡ್ರಿಯನ್ ಬೆಲೂ, ಬಾಸಿಗೆ ಟೋನಿ ಲೆವಿನ್, ಡ್ರಮ್ಸಿಗೆ ಬಿಲ್ ಬ್ರೂಫರ್ಡ್. ಆಲ್ಬಮ್ 'ಡಿಸಿಪ್ಲಿನ್'. ಅದರಲ್ಲಿ 'ಫ್ರೇಮ್ ಬೈ ಫ್ರೇಮ್' ಕೇಳಿ. ಎರಡು ಗಿಟಾರುಗಳು ಒಂದೇ ಸ್ವರಮಾಲೆಯನ್ನು ಒಟ್ಟಿಗೆ ಶುರು ಮಾಡುತ್ತವೆ. ಆಮೇಲೆ ಒಬ್ಬರು ಪ್ರತಿ ಸುತ್ತಿನಲ್ಲೂ ಒಂದು ಸ್ವರ ಬಿಡುತ್ತಾರೆ. ಆದ್ದರಿಂದ ಸುತ್ತುಸುತ್ತಿಗೂ ಇಬ್ಬರೂ ದೂರ ದೂರ ಆಗುತ್ತಾ ಹೋಗಿ, ಕೊನೆಗೆ ಮತ್ತೆ ಜೊತೆಯಾಗುತ್ತಾರೆ. ತಾಳ ಹಾಕುತ್ತಾ ಕೇಳುವ ಅಭ್ಯಾಸ ಇರುವ ನಮ್ಮವರಿಗೆ ಇದರ ಖುಷಿ ವಿವರಿಸಬೇಕಾಗಿಲ್ಲ. ಅಮ್ಮ ತೊಡೆ ಮೇಲೆ ತಾಳ ಹಾಕಲು ನೋಡಿ, ಎರಡು ಸಲ ತಪ್ಪಿ, "ಇವರು ಆಟ ಆಡಿಸ್ತಾರೆ ಕಣೇ" ಅಂದರು. ಇಬ್ಬರಲ್ಲಿ ಯಾರೊಬ್ಬರು ಮೆರೆಯಲು ಹೋದರೂ ಅದು ಕುಸಿಯುತ್ತೆ. ಆ ವೇಗವೂ ಇನ್ನೊಬ್ಬರನ್ನು ಕೇಳಿಸಿಕೊಳ್ಳುವುದರ ಮೇಲೆಯೇ ನಿಂತಿದೆ.

ಕಲಿತದ್ದನ್ನು ಬಿಟ್ಟದ್ದು

ಫ್ರಿಪ್ ಬಗ್ಗೆ ನನ್ನನ್ನು ಎಲ್ಲಕ್ಕಿಂತ ತಟ್ಟಿದ ವಿಷಯ ಬೇರೆ. ಗಿಟಾರಿನ ಆರು ತಂತಿಗಳನ್ನು ಸಾಮಾನ್ಯವಾಗಿ ಇ-ಎ-ಡಿ-ಜಿ-ಬಿ-ಇ ಅಂತ ಶ್ರುತಿ ಮಾಡುತ್ತಾರೆ. ಪ್ರಪಂಚದ ಬಹುಪಾಲು ಗಿಟಾರ್ ಪುಸ್ತಕ, ಪಾಠ, ಹಾಡು ಎಲ್ಲ ಅದಕ್ಕೇ. 1983ರಲ್ಲಿ ನ್ಯೂಯಾರ್ಕಿನಲ್ಲಿ ಸಾನಾ ಸ್ನಾನಕ್ಕೆ ಕೂತಿದ್ದಾಗ ಫ್ರಿಪ್‌ಗೆ ಬೇರೆಯೇ ಒಂದು ಶ್ರುತಿ ಹೊಳೆಯಿತಂತೆ. ಕೊನೆಗೆ ಅದು ನಿಂತದ್ದು ಸಿ-ಜಿ-ಡಿ-ಎ-ಇ-ಜಿ ಎಂದು. ಕೊನೆಯ ತಂತಿ ಬಿಟ್ಟರೆ ಒಂದೊಂದರ ನಡುವೆಯೂ ಸ-ಪ ಅಂತರ. 1985ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ 'ಗಿಟಾರ್ ಕ್ರಾಫ್ಟ್' ತರಗತಿಗಳನ್ನು ಶುರು ಮಾಡಿದ ಮೇಲೆ ಅಲ್ಲಿ ಕಲಿಸಿದ್ದೂ ಇದನ್ನೇ.

ಇದರ ಅರ್ಥ ಏನು ಗೊತ್ತಾ? ಹೆಚ್ಚೂಕಡಿಮೆ 25 ವರ್ಷ ಬೆರಳಿಗೆ ಕಲಿಸಿದ್ದ ಜಾಗಗಳೆಲ್ಲ ಒಂದೇ ದಿನ ತಪ್ಪಾಗುತ್ತವೆ. ಎಲ್ಲ ಸರಿಯಾಗಿ ಓಡುತ್ತಿರುವ ಸಾಫ್ಟ್‌ವೇರನ್ನು ಪಕ್ಕಕ್ಕಿಟ್ಟು ಮೊದಲ ಸಾಲಿನಿಂದ ಮತ್ತೆ ಬರೆಯುತ್ತೇನೆ ಅಂದ ಹಾಗೆ. ನಮ್ಮ ಆಫೀಸಿನಲ್ಲಿ ಯಾರಾದರೂ ಹೀಗೆ ಹೇಳಿದರೆ ಮೀಟಿಂಗ್‌ನಿಂದಲೇ ಎಬ್ಬಿಸಿ ಕಳಿಸುತ್ತಾರೆ. ಆ ಹೊತ್ತಿಗೆ ಅವರ ವಯಸ್ಸು 40ರ ಹತ್ತಿರ, ಹೆಸರು ಇತ್ತು, ತಂಡ ಇತ್ತು. ಬೆರಳಿಗೆ ಬಾಯಿಪಾಠ ಆದದ್ದನ್ನು ಬಿಟ್ಟು ಕಿವಿಯಿಂದ ಮತ್ತೆ ಹುಡುಕಲು ಕೂತರು. ನನಗಿನ್ನೂ 30. ಕೈ ಮೊದಲಿನಿಂದ ಕಲಿಯಬೇಕು ಅಂದಾಗ ಅತ್ತಿದ್ದೆ. ಇದನ್ನು ಓದಿದ ರಾತ್ರಿ ಸ್ವಲ್ಪ ನಾಚಿಕೆಯಾಯ್ತು.

ಎಲ್ಲಿಂದ ಶುರು ಮಾಡೋದು?

ಕಿಂಗ್ ಕ್ರಿಮ್ಸನ್ ಆಲ್ಬಮ್ಮುಗಳು ಸ್ಟ್ರೀಮಿಂಗ್ ಆಪ್‌ಗಳಿಗೆ ಬಂದದ್ದು 2019ರಲ್ಲಿ, ತಂಡಕ್ಕೆ 50 ತುಂಬಿದಾಗ. ಈಗ ಹುಡುಕಾಡಬೇಕಿಲ್ಲ. ಮೊದಲು 'ಹೀರೋಸ್' ಕೇಳಿ. ಆಮೇಲೆ 1974ರ 'ರೆಡ್' ಆಲ್ಬಮ್ಮಿನ ಕೊನೆಯ ಕೃತಿ 'ಸ್ಟಾರ್‌ಲೆಸ್'. 12 ನಿಮಿಷ ಬಿಡುವು ಮಾಡಿಕೊಳ್ಳಿ. ಶುರುವಿನಲ್ಲಿ ಗಿಟಾರು ಒಂದು ದುಃಖದ ರಾಗ ಎಳೆಯುತ್ತೆ. ನಡುವೆ ಎಲ್ಲ ನಿಂತು, 13 ಎಣಿಕೆಯ ಸುತ್ತಿನ ಮೇಲೆ ಫ್ರಿಪ್ ಒಂದೇ ಸ್ವರವನ್ನು ಮೀಟುತ್ತಾ ಕೂರುತ್ತಾರೆ. ಮತ್ತೆ ಮತ್ತೆ ಅದೇ. ಎಷ್ಟೋ ಹೊತ್ತಾದ ಮೇಲೆ ಒಂದು ಸಣ್ಣ ಮೆಟ್ಟಿಲು ಮೇಲೆ. ಕೆಳಗೆ ಬಾಸು, ಡ್ರಮ್ಸು ಬೆಳೆಯುತ್ತಲೇ ಇರುತ್ತವೆ. ಮಳೆಗೆ ಮುಂಚೆ ಗಾಳಿ ನಿಂತ ಹಾಗೆ. ಆಮೇಲೆ ಕೊನೆಯಲ್ಲಿ ಆ ಮೊದಲ ರಾಗ ವಾಪಸ್ ಬಂದಾಗ ನನಗೆ ಪ್ರತಿ ಸಲವೂ ಗಂಟಲು ಕಟ್ಟುತ್ತೆ. ಅದಾದ ಮೇಲೆ 'ಡಿಸಿಪ್ಲಿನ್'. ರಾತ್ರಿ ಮಲಗುವ ಮುನ್ನ ಆ 21 ನಿಮಿಷದ್ದು.

ಎಲ್ಲವೂ ಇಷ್ಟವಾಗುತ್ತೆ ಅಂತ ನಾನು ಹೇಳಲ್ಲ. ಕೆಲವು ಕ್ರಿಮ್ಸನ್ ಕೃತಿಗಳು ನನಗೇ ಪಾತ್ರೆ ಬಿದ್ದ ಹಾಗೆ ಕೇಳುತ್ತವೆ. ಮನುಷ್ಯರಾಗಿಯೂ ಫ್ರಿಪ್ ಕಟ್ಟುನಿಟ್ಟು ಅಂತ ಹೆಸರಾದವರು. ಕಛೇರಿ ನಡೆಯುವಾಗ ಫೋಟೋ ತೆಗೆಯುವ ಹಾಗಿಲ್ಲ, ರೆಕಾರ್ಡ್ ಮಾಡುವ ಹಾಗಿಲ್ಲ. ಕೊನೆಯ ವರ್ಷಗಳ ಪ್ರವಾಸದಲ್ಲಿ, ಎಲ್ಲ ಮುಗಿದ ಮೇಲೆ ಟೋನಿ ಲೆವಿನ್ ತಮ್ಮ ಕ್ಯಾಮೆರಾ ಎತ್ತಿದಾಗ ಮಾತ್ರ ಸಭಿಕರೂ ಎತ್ತಬಹುದಿತ್ತು. ಮೊದಲು ಇದು ಜಂಭ ಅನಿಸಿತ್ತು ನನಗೆ. ಈಗ ಹಾಗನಿಸಲ್ಲ. ಫೋನ್ ಹಿಡಿದವರು ಕೇಳಲ್ಲ, ಅಷ್ಟೇ. ಇದೇ ಗಂಭೀರ ಮನುಷ್ಯ 2020ರ ಲಾಕ್‌ಡೌನ್‌ನಲ್ಲಿ ಹೆಂಡತಿ, ಗಾಯಕಿ ಟೋಯಾ ವಿಲ್‌ಕಾಕ್ಸ್ ಜೊತೆ ಬ್ಯಾಲೆ ಉಡುಪು ಹಾಕಿಕೊಂಡು ಕುಣಿದ ವಿಡಿಯೋಗಳೂ ಇವೆ. ಅಮ್ಮನಿಗೆ ತೋರಿಸಿದೆ. "ಪಾಪ, ಒಳ್ಳೇ ಮನುಷ್ಯ" ಅಂದರು.

ಕಿಂಗ್ ಕ್ರಿಮ್ಸನ್ ಕೊನೆಯದಾಗಿ ನುಡಿಸಿದ್ದು 2021ರ ಡಿಸೆಂಬರ್‌ನಲ್ಲಿ, ಟೋಕಿಯೋದಲ್ಲಿ. ನಾನು ಅವರನ್ನು ಎದುರಿಗೆ ಕೂತು ಕೇಳಲಿಲ್ಲ, ಇನ್ನು ಕೇಳುವುದೂ ಅನುಮಾನ.

ಹತ್ತು ನಿಮಿಷ

ನಾಲ್ಕು ತಿಂಗಳಾದ ಮೇಲೆ ಫಿಸಿಯೋ ಮೇಡಂ ದಿನಕ್ಕೆ ಹತ್ತು ನಿಮಿಷ ಗಿಟಾರ್ ಹಿಡಿಯಬಹುದು ಅಂದರು. ಹತ್ತು ನಿಮಿಷದಲ್ಲಿ ಸ್ಪೀಡು ಮಾಡಲಾಗದು. ಮೊದಲ ದಿನ ಒಂದೇ ಸ್ವರ ಮೀಟಿ, ಅದು ಸಾಯುವವರೆಗೆ ಕೂತು ಕೇಳಿದೆ. ಮತ್ತೆ ಮೀಟಿದೆ. ಬೆರಳನ್ನು ಕೂದಲೆಳೆಯಷ್ಟು ಸರಿಸಿದರೆ ಸ್ವರ ತೆಳುವಾಗುತ್ತೆ, ಪಿಕ್ ಹಿಡಿದ ಕೋನ ಬದಲಾದರೆ ಇನ್ನೇನೋ ಆಗುತ್ತೆ. ಇದೆಲ್ಲ ಹತ್ತು ವರ್ಷದಿಂದ ನನ್ನ ಕೈಕೆಳಗೇ ನಡೆಯುತ್ತಿತ್ತು. ಒಂದು ಭಾನುವಾರ ಧೈರ್ಯ ಮಾಡಿ, ನೆಲಕ್ಕೆ ಟೇಪ್ ಅಂಟಿಸಿ, ನನ್ನ ಪುಟ್ಟ ಆಂಪ್ಲಿಫೈಯರ್ ಎದುರು ಹಿಂದೆ ಮುಂದೆ ನಡೆದು 'ಹೀರೋಸ್' ಥರ ಸ್ವರ ನಿಲ್ಲಿಸಲು ನೋಡಿದೆ. ಮೂರನೇ ಗುರುತಿನಲ್ಲಿ ಸ್ವರ ನಿಂತಿತು, ಎರಡು ಸೆಕೆಂಡು ಹಾಡಿತು. ಅಷ್ಟರಲ್ಲಿ ಕೆಳಗಿನ ಮನೆ ಆಂಟಿ ಬಾಗಿಲು ಬಡಿದರು, "ಕುಕ್ಕರ್ ಏನಾದ್ರೂ ಕೆಟ್ಟಿದೆಯಾ?" ಅಂತ.

ಅಮ್ಮ ಹಾಸನಕ್ಕೆ ವಾಪಸ್ ಹೋಗಿದ್ದಾರೆ. ಹೋಗುವಾಗ ಆ 21 ನಿಮಿಷದ್ದನ್ನು ತಮ್ಮ ಫೋನಿಗೆ ಹಾಕಿಸಿಕೊಂಡರು. ಹೋದ ವಾರ ಫೋನ್ ಮಾಡಿದಾಗ ಹೇಳಿದರು, ಅದನ್ನು ಶ್ರುತಿ ಅಂದುಕೊಂಡು ಸ-ಪ-ಸ ಹಿಡಿಯಲು ನೋಡಿದರಂತೆ. "ಆಗಲ್ಲ ಕಣೇ, ಮಧ್ಯದಲ್ಲಿ ಎಲ್ಲೋ ಎಳ್ಕೊಂಡು ಹೋಗ್ತಾನೆ ಆ ಮನುಷ್ಯ. ಅದಕ್ಕೇ ಫೋನಲ್ಲೇ ತಂಬೂರಿ ಆಪ್ ಹಾಕ್ಕೊಂಡೆ. ಬೆಳಿಗ್ಗೆ ಸ್ವಲ್ಪ ಹೊತ್ತು ಕೂತ್ಕೋತೀನಿ. ಗಂಟಲು ತುಕ್ಕು ಹಿಡಿದಿದೆ."

"ಎಷ್ಟು ಹೊತ್ತು ಕೂರ್ತೀಯಮ್ಮ?"

"ಹತ್ತು ನಿಮಿಷ. ನಿನ್ನ ಹಾಗೇ."

ನನ್ನ ಕೈ ಈಗ ಮುಕ್ಕಾಲು ಪಾಲು ಸರಿಯಾಗಿದೆ. ಪೂರ್ತಿ ಮೊದಲಿನ ಹಾಗೆ ಆಗುತ್ತೋ ಇಲ್ಲವೋ, ಅದನ್ನು ಕೈಯನ್ನೇ ಕೇಳಬೇಕು. 'ಫ್ರ್ಯಾಕ್ಚರ್'ನ ಮೊದಲ ಕೆಲವು ಸಾಲು ಹಿಡಿದಿದ್ದೇನೆ, ಮೆಟ್ರೊನೋಮ್ 50ರಲ್ಲಿಟ್ಟು. ಮೂಲ ವೇಗದ ಹತ್ತಿರಕ್ಕೂ ಬಂದಿಲ್ಲ. 22 ವರ್ಷ ಅಂತ ಲೆಕ್ಕ ಹಾಕಿದರೆ ಆಗ ನನಗೆ 52.